ಬಾಲದಲ್ಲಿರುವ ‘ಬ್ಯಾಡ’

ನವೆಂಬರ್ 4, ಸೋಮವಾರ

ಹೊಸಪೇಟೆ ಆಫೀಸಿನ ಟೆಲಿಫೋನ್ ಬೋರ್ಡು ಕಿತ್ತುಹಾಕಿದ ದಿನ ಕಪಾಟಿನಲ್ಲಿ ಒಂದು ಖಾಲಿ ರಿಜಿಸ್ಟರು ಉಳಿದಿತ್ತು. ಯಾರೂ ಕೇಳಲಿಲ್ಲ, ಚೀಲಕ್ಕೆ ಹಾಕಿಕೊಂಡೆ. ‘ಯಾರಿಂದ’, ‘ಯಾರಿಗೆ’, ‘ಸಂದೇಶ’ ಎಂದು ಮೂರು ಕಾಲಂ. ಹನ್ನೆರಡು ವರ್ಷ ಆಪರೇಟರಾಗಿ ಇಂಥ ಪುಟಗಳಲ್ಲಿ ಬೇರೆಯವರ ಸಂದೇಶ ಬರೆದಿದ್ದೇನೆ. ಇನ್ನು ಮೇಲೆ ಯಾರಿಂದ, ಪಂಪಾವತಿಯಿಂದ. ಯಾರಿಗೆ, ಪಂಪಾವತಿಗೆ.

ಸಂದೇಶ ಇಷ್ಟು: ನನ್ನ ಬಲಗಿವಿ ಹೋಗಿದೆ. ಪೂರ್ತಿ ಅಲ್ಲ, ಮುಕ್ಕಾಲು. ಎಡಗಿವಿಯೂ ಈಗೀಗ ಅದರ ಬೆನ್ನು ಹತ್ತಿದೆ. ಮೊನ್ನೆ ದೀಪಾವಳಿಯಲ್ಲಿ ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ಕೂಗಾಡುತ್ತಿದ್ದರೆ, ನಾನು ಅವರ ಪಕ್ಕದಲ್ಲೇ ನಿಂತು ಯಾರೋ ಕಂಪ್ಲಿಯಲ್ಲಿ ಪಟಾಕಿ ಹಚ್ಚಿದ್ದಾರೆ ಅಂದುಕೊಂಡೆ.

ಇದು ಗಂಡನಿಗೂ ಗೊತ್ತಿಲ್ಲ. ಯಾರು ಏನು ಹೇಳಿದರೂ “ಹ್ಞೂಂ” ಅಂದುಬಿಡುತ್ತೇನೆ. ಹ್ಞೂಂ ಅನ್ನುವವಳ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಒಳ್ಳೆಯ ಸೊಸೆ ಅನ್ನುತ್ತಾರೆ. ಹೋದ ತಿಂಗಳು ಕಂಪನಿಯ ಮೆಡಿಕಲ್‌ನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು, ಸದ್ದು ಕೇಳಿಸಿದಾಗ ಒತ್ತಿ ಎಂದರು. ಗಾಜಿನ ಆಚೆ ಕೂತ ಹುಡುಗಿ ಸದ್ದು ಬಿಡುವಾಗಲೆಲ್ಲ ಅವಳ ಮೊಣಕೈ ಒಂದಿಷ್ಟು ಅಲುಗುತ್ತಿತ್ತು. ನಾನು ಮೊಣಕೈ ನೋಡಿ ಒತ್ತಿದೆ. ‘ನಾರ್ಮಲ್’ ಎಂದು ಬರೆದುಕೊಟ್ಟರು.

ಆ ನಾರ್ಮಲ್ ಈಗ ಕೊರಳಿಗೆ ಬಂದಿದೆ. ನಾಳೆಯಿಂದ ಸಂಡೂರಿನ ಗುಡ್ಡದ ಮೇಲೆ, ನಮ್ಮ ಕಂಪನಿಯ ಅದಿರು ಗಣಿಯ ಕಂಟ್ರೋಲ್ ರೂಮಿನಲ್ಲಿ ಕೂರಬೇಕು. “ಅಲ್ಲಿ ಫೋನ್ ಬದ್ಲಿ ವಾಕಿಟಾಕಿ, ಅಷ್ಟ ಫರಕು” ಎಂದರು ಆಫೀಸಿನವರು. ನಾನು ಹ್ಞೂಂ ಎಂದೆ.

ನವೆಂಬರ್ 5, ಮಂಗಳವಾರ

ಅಷ್ಟೇ ಫರಕು ಅಲ್ಲ.

ಗಣಿಯಲ್ಲಿ ದಿನಾ ಮಧ್ಯಾಹ್ನ ಎರಡಕ್ಕೆ ಬಂಡೆ ಸಿಡಿಸುತ್ತಾರೆ. ಒಂದೂವರೆಗೆ ಸೈರನ್ ಊದುತ್ತದೆ. ಸಿಡಿಯುವ ಜಾಗಕ್ಕೆ ನಾಲ್ಕು ದಾರಿ, ನಾಲ್ಕು ಪೋಸ್ಟು. ಒಂದೊಂದು ಪೋಸ್ಟಿನಲ್ಲಿ ಕೆಂಪು ಬಾವುಟ ಹಿಡಿದ ಒಬ್ಬೊಬ್ಬ ಕಾವಲಿನವನು. ತನ್ನ ದಾರಿಯಲ್ಲಿ ಮನುಷ್ಯರಾಗಲಿ ದನಕರುವಾಗಲಿ ಇಲ್ಲವೆಂದು ಅವನು ವಾಕಿಟಾಕಿ ಸೆಟ್ಟಿನಲ್ಲಿ ನನಗೆ ಹೇಳಬೇಕು. ನಾಲ್ಕೂ ಬಂದ ಮೇಲೆ ನಾನು ಹನುಮಣ್ಣನಿಗೆ ಹೇಳಬೇಕು. ಹನುಮಣ್ಣ ಪಾಪಿನಾಯಕನಹಳ್ಳಿಯವನು, ಮೂವತ್ತು ವರ್ಷದಿಂದ ಸಿಡಿಸುವ ಕೆಲಸ ಅವನದೇ. ಬತ್ತಿಗೆ ಬೆಂಕಿ ಹಚ್ಚುವ ಕಾಲ ಹೋಗಿ ಪೆಟ್ಟಿಗೆಯ ಬಟನ್ ಒತ್ತುವ ಕಾಲ ಬಂದರೂ ಇವರ ಬಾಯಲ್ಲಿ ಇನ್ನೂ ‘ಹಚ್ಚು’ ಎನ್ನುವುದೇ ಇದೆ. ಕಾಗದದಲ್ಲಿ ‘ಕ್ಲಿಯರ್’ ಅಂತ ಬರೆದಿದ್ದರೂ ಪೋಸ್ಟಿನವರು “ಹಚ್ಚ್ರಿ” ಅಂತಲೇ ಹೇಳುತ್ತಾರೆ.

ನನ್ನ ಕಿಟಕಿಯಿಂದ ಆ ಜಾಗ ಕಾಣುವುದಿಲ್ಲ, ನಡುವೆ ಗುಡ್ಡ. ಏನಿದ್ದರೂ ಕಿವಿಯಲ್ಲೇ ನೋಡಬೇಕು. ಯಾವ ದೇವರಿಗೆ ಏನು ಅಪಚಾರ ಮಾಡಿದ್ದೆನೋ, ಕಿವಿ ಇಲ್ಲದವಳನ್ನು ಕಿವಿಯ ಕೆಲಸಕ್ಕೇ ಕೂರಿಸಿದ್ದಾನೆ.

ಮೊದಲು ಅಲ್ಲಿದ್ದ ಗಾಯತ್ರಿಗೆ ಫೋನ್ ಮಾಡಿ ಯಾಕೆ ಬಿಟ್ಟೆ ಎಂದು ಕೇಳಿದೆ. ಎಡಗಿವಿಗೆ ಒತ್ತಿ ಹಿಡಿದುಕೊಂಡು ಕೇಳಿದೆ.

“ನಾಲ್ಕನೇ ಪೋಸ್ಟಿಗೆ ‘ಎಲ್ಲಾ ಸರಿ ಐತೇನಪಾ’ ಅಂದೆ ಅಕ್ಕ. ‘ಹ್ಞೂಂ’ ಅಂದ. ಅವ ಅಂದಿದ್ದು ‘ಹ್ಞೂಂ, ಕೇಳಾಕತ್ತೀನಿ, ಮುಂದ ಹೇಳು’ ಅಂತ. ನಾ ತಿಳ್ಕಂಡಿದ್ದು ‘ಹ್ಞೂಂ, ಸರಿ ಐತಿ’ ಅಂತ. ಟಿಪ್ಪರಿನ ಗ್ಲಾಸಿನಾಗ ಇಷ್ಟ್ ದಪ್ಪ ಕಲ್ಲು ಬಿತ್ತು. ಡ್ರೈವರ್ ತಂಬಾಕಿಗೆ ಅಂತ ಆಗ ಕೆಳಗ ಇಳದಿದ್ದ, ಉಳದ. ಅವತ್ತಿನಿಂದ ನಂಗ ಊಟ ಸೇರಂಗಿಲ್ಲ.”

ನನಗೂ ಇವತ್ತು ಊಟ ಸೇರಲಿಲ್ಲ.

ನವೆಂಬರ್ 6, ಬುಧವಾರ

ನಿನ್ನೆ ಬರೀ ನೋಡಿ ಕಲಿತದ್ದು. ನಾನೇ ಕೂತ ಮೊದಲ ದಿನದ್ದು ಇವತ್ತು ಮುಗಿಯಿತು. ಒಂದು, ಎರಡು, ಮೂರು, ನಾಲ್ಕು, ಎಲ್ಲ ಕೇಳಿಸಿತು ಅಂದುಕೊಂಡಿದ್ದೇನೆ. ಎರಡನೆಯದು ಬಂದಿತ್ತೋ ಅಥವಾ ಬರಲಿ ಎಂಬ ಆಸೆಗೆ ಬಂದಂತೆ ಅನಿಸಿತೋ ಈಗ ನಿಶ್ಚಯವಾಗಿ ಹೇಳಲಾರೆ. “ನಾಲ್ಕೂ ಆತು” ಎಂದೆ. ನೆಲ ನಡುಗಿತು. ಆಮೇಲೆ ನಾಲ್ಕೂ ಪೋಸ್ಟಿನವರು ನಡೆದು ಬಂದು ಟೀ ಕುಡಿಯುವ ತನಕ ಅವರನ್ನು ಎಣಿಸುತ್ತ ಬಾಗಿಲಲ್ಲೇ ನಿಂತಿದ್ದೆ.

ನವೆಂಬರ್ 11, ಸೋಮವಾರ

ಗಾಯತ್ರಿಯ ಪ್ರಕರಣವಾದ ಮೇಲೆ ಕಂಪನಿಯವರು ಒಬ್ಬ ಇಂಜಿನಿಯರ್ ಹುಡುಗಿಯನ್ನು ಕರೆಸಿದ್ದಾರೆ. ಶಿಲ್ಪಶ್ರೀ, ಕಂಪ್ಲಿಯವಳು. ಸೆಟ್ಟುಗಳನ್ನೆಲ್ಲ ಹೊಸದಾಗಿ ಕೂರಿಸಿ, ಮಾತೆಲ್ಲ ರೆಕಾರ್ಡ್ ಆಗುವ ಹಾಗೆ ಮಾಡಿ, ನಮಗೆಲ್ಲ ಪಾಠ ಹೇಳಿ ಹೋಗುತ್ತಾಳಂತೆ. ನಾನು ಮುಂದಿನ ಬೆಂಚಿನಲ್ಲಿ, ಅವಳ ತುಟಿ ಕಾಣುವ ಹಾಗೆ ಕೂತೆ.

“ಡ್ಯಾಮಿನ ಗೇಟ್ ತಗಿಯೂ ಮುಂದ ಸೈರನ್ ಊದ್ತಾರಲ್ಲ, ಅದಕ್ಕ ನೀವು ತಿರುಗಿ ಏನರ ಹೇಳಾಕ ಬರ್ತೈತೇನ್ರಿ? ಬರಂಗಿಲ್ಲ. ಮಾತು ಒಂದ ದಿಕ್ಕಿಗೆ ಹೊಕ್ಕೈತಿ. ಅದು ಸಿಂಪ್ಲೆಕ್ಸ್.”

ನನಗೆ ಅತ್ತೆ ನೆನಪಾದರು. ಉಚ್ಚಂಗೆಮ್ಮ, ಅಪ್ಪಟ ಸಿಂಪ್ಲೆಕ್ಸ್. ನಡುವೆ ನಾನು ಹ್ಞೂಂ ಎನ್ನುತ್ತಿದ್ದರೆ ಸಾಕು, ಸಂಜೆಯಿಂದ ರೊಟ್ಟಿ ಮುಗಿಯುವ ತನಕ ಹೇಳುತ್ತಾರೆ.

ಟೆಲಿಫೋನು ಫುಲ್ ಡುಪ್ಲೆಕ್ಸ್, ಇಬ್ಬರೂ ಒಟ್ಟಿಗೆ ಮಾತಾಡಬಹುದು, ಜಗಳವನ್ನೂ ಆಡಬಹುದು. ನಮ್ಮ ವಾಕಿಟಾಕಿ ಹಾಫ್ ಡುಪ್ಲೆಕ್ಸ್. ಎರಡೂ ಕಡೆಯಿಂದ ಮಾತು ಬರುತ್ತದೆ, ಆದರೆ ಒಂದು ಸಲಕ್ಕೆ ಒಬ್ಬರದ್ದೇ. “ಬಟನ್ ಒತ್ತಿ ಹಿಡದ್ರ ದಾರಿ ನಿಮ್ಮದು. ಉಳಿದೋರದ್ದು ಯಾರದೂ ಹೋಗಂಗಿಲ್ಲ. ಆದ್ರ ನೆನಪಿಡ್ರಿ, ಒತ್ತಿದೋರಿಗೂ ಏನೂ ಕೇಳ್ಸಂಗಿಲ್ಲ. ಅರವತ್ತು ಸೆಕೆಂಡಿಗೆ ಸೆಟ್ಟು ತಾನ ಕಟ್ ಮಾಡ್ತೈತಿ, ಅದಕ್ಕ ಟೈಮ್ ಔಟ್ ಅಂತಾರ.”

ಕೊನೆಗೆ ಅಕ್ನಾಲೆಜ್ಮೆಂಟ್ ಎಂಬ ಪಾಠ. ಕೇಳಿಸಿಕೊಂಡವರು ಹ್ಞೂಂ ಅನ್ನಬಾರದು, ಕೇಳಿಸಿದ್ದನ್ನು ಹಾಗೇ ತಿರುಗಿ ಹೇಳಬೇಕು. “ಕಂಪ್ಯೂಟರ್ ಕಂಪ್ಯೂಟರ್ ಮಾತಾಡೋದೂ ಹಿಂಗ. ನೀ ಕಳಿಸಿದ್ದು ಮುಟ್ಟೇತಿ ಅಂತ ಆ ಕಡೆಯಿಂದ ಬರೂತನಕ ಈ ಕಡೆಯದು ಸುಮ್ನಿರಂಗಿಲ್ಲ, ಮತ್ತ ಮತ್ತ ಕಳಿಸ್ತೈತಿ. ಹ್ಞೂಂ ಅನ್ನೋದು ಉತ್ತರ ಅಲ್ರಿ, ಅದು ಚಟ.”

ಎಲ್ಲರೂ ನಕ್ಕರು. ನನಗೆ ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದಂತಾಯಿತು. ಅರ್ಥ ಆಯ್ತಾ ಪಂಪಕ್ಕ ಎಂದಳು. ಹ್ಞೂಂ ಎಂದುಬಿಟ್ಟೆ.

ನವೆಂಬರ್ 12, ಮಂಗಳವಾರ

ತಿರುಗಿ ಹೇಳು ಎಂದರೆ ಹನುಮಣ್ಣ ಒಪ್ಪಲಿಲ್ಲ. “ಮೂವತ್ತು ವರ್ಷ ಹಚ್ಚೀನಿ ತಂಗಿ. ಗಿಣಿ ಅಂತ ಮಾಡೀಯೇನು ನನ್ನ?” ಎಂದ. ಮೇಲ್ವಿಚಾರಣೆಯ ಮಲ್ಲೇಶ್ ಸರ್ ಕೂಡ ಇಷ್ಟೆಲ್ಲ ಹೇಳುತ್ತ ಕೂತರೆ ಟಿಪ್ಪರುಗಳು ಸಾಲುಗಟ್ಟಿ ನಿಲ್ಲುತ್ತವೆ ಅಂದರು. ಕೆಟ್ಟವರಲ್ಲ, ಸದಾ ಅವಸರ, ಚಪ್ಪಲಿ ಮೆಟ್ಟುತ್ತಲೇ ಮಾತು ಮುಗಿಸುವ ಜನ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನಂತೂ ಅಲ್ಲ.

ನವೆಂಬರ್ 14, ಗುರುವಾರ

ಇವತ್ತು ಒಬ್ಬ ಮನುಷ್ಯನನ್ನು ಕೊಂದೇ ಬಿಡುತ್ತಿದ್ದೆ.

ಎರಡನೇ ಪೋಸ್ಟಿನಲ್ಲಿರುವವನು ಮಾರೇಶ್, ಚೋರನೂರಿನವನು. ಗುಡ್ಡದ ಕೆಳಗಿನ ಹಟ್ಟಿಯಿಂದ ಬರುವ ಕಾಲುದಾರಿ ಅವನ ಕಾವಲು. “ಎರಡು. ಹಚ್ಚ” ಎಂದು ಬಂತು. ಕೇಳಿಸಿತಲ್ಲ ಎಂದು ನೆಮ್ಮದಿಯಾಗಿ ಟಿಕ್ ಹಾಕಿದೆ. ನಾಲ್ಕನೆಯದೂ ಆಗಿತ್ತು. ಹನುಮಣ್ಣನಿಗೆ ಹೇಳಬೇಕೆಂದು ಬಟನ್ ಮೇಲೆ ಬೆರಳಿಟ್ಟವಳಿಗೆ ಧೂಳಿಗೆ ಕೆಮ್ಮು ಬಂತು. ಒಂದು ಗುಟುಕು ನೀರು ಕುಡಿದೆ. ಅಷ್ಟರಲ್ಲಿ ಸೆಟ್ಟು ಮತ್ತೆ ಗೊರಗೊರ ಎಂದಿತು. “ಅಕ್ಕಾ, ದಾರಿ ಖಾಲಿ ಆತು, ಕುರಿ ದಾಟಿದ್ವು, ಈಗ ಹಚ್ಚ್ರಿ.”

ಈಗ ಹಚ್ಚ್ರಿ! ಹಾಗಾದರೆ ಮೊದಲು ಏನಂದಿದ್ದ?

ಸಂಜೆ ಬಸ್ಸು ಹತ್ತುವಾಗ ಅವನನ್ನೇ ಕೇಳಿದೆ. “‘ಹಚ್ಚಬ್ಯಾಡ್ರಿ, ಕುರಿ ಅದಾವ’ ಅಂದಿದ್ನೆಲ್ಲಕ್ಕ” ಎಂದ. ಕುರಿಯ ಹಿಂದೆ ಕುರಿ ಕಾಯುವವನೂ ಇದ್ದನಂತೆ.

ಒಂದು ಕೆಮ್ಮು. ಒಂದು ಗುಟುಕು ನೀರು. ನನ್ನ ದರಿದ್ರ ಕಿವಿ ‘ಬ್ಯಾಡ’ವನ್ನು ನುಂಗಿ ‘ಹಚ್ಚ’ ಮಾತ್ರ ಒಳಗೆ ಬಿಟ್ಟುಕೊಂಡಿದೆ. ನಾಳೆ ಹೋಗಿ ಹೇಳಿಬಿಡಬೇಕು. ಹೇಳಿದರೆ ಮೆಡಿಕಲ್‌ನಲ್ಲಿ ಮಾಡಿದ ಮೋಸವೂ ಹೊರಗೆ ಬರುತ್ತದೆ. ಬೋರ್ಡೂ ಇಲ್ಲದ, ಕಿವಿಯೂ ಇಲ್ಲದ ಆಪರೇಟರನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ?

ನವೆಂಬರ್ 15, ಶುಕ್ರವಾರ

ಹೇಳುವ ಮೊದಲು ಧೈರ್ಯಕ್ಕೆಂದು ಶಿಲ್ಪಶ್ರೀಯನ್ನು ಕೇಳಿ ನಿನ್ನೆಯ ರೆಕಾರ್ಡ್ ಹಾಕಿಸಿದೆ. ಸ್ಪೀಕರಿಗೆ ಎಡಗಿವಿ ತಾಗಿಸಿಕೊಂಡು ಕೇಳಿದೆ. “ಎರಡು. ಹಚ್ಚ—” ಅಷ್ಟೇ. ಅವಳಿಗೂ ಅಷ್ಟೇ ಕೇಳಿಸಿತು. ಯಂತ್ರಕ್ಕೂ ಅಷ್ಟೇ ಕೇಳಿಸಿದೆ!

ಮಾರೇಶನನ್ನು ಕರೆಸಿ ಸೆಟ್ಟು ಕೈಗೆ ಕೊಟ್ಟು ಮಾತಾಡಿಸಿದಳು. ಮಾತು ಮುಗಿಯುವ ಮುಂಚೆಯೇ ಅವನ ಹೆಬ್ಬೆರಳು ಬಟನ್ ಬಿಟ್ಟು ಮೇಲೆದ್ದಿರುತ್ತದೆ. ಬಾಯಿ ಇನ್ನೂ ಆಡುತ್ತಿದೆ, ಸೆಟ್ಟು ಬಾಗಿಲು ಹಾಕಿಕೊಂಡಿದೆ. “ಇಂಗ್ಲಿಷಿನಾಗಾದ್ರ ಇಷ್ಟು ಅಪಾಯ ಇಲ್ಲ ನೋಡ್ರಿ” ಎಂದಳು ಶಿಲ್ಪಶ್ರೀ. “ಅವ್ರ ‘ಡೋಂಟ್’ ಮೊದ್ಲ ಬರ್ತೈತಿ. ನಾವು ಎಲ್ಲಾ ಹೇಳಿ ಕೊನೀಗೆ ‘ಬ್ಯಾಡ’ ಅಂತೀವಿ.”

ಹುಟ್ಟಿದಾಗಿನಿಂದ ಆಡಿದ ಮಾತು, ಇಂಥದ್ದೊಂದು ಗುಂಡಿ ಅದರಲ್ಲಿದೆ ಎಂದು ಗೊತ್ತೇ ಇರಲಿಲ್ಲ. ಹೋಗಬ್ಯಾಡ, ಮುಟ್ಟಬ್ಯಾಡ, ಹಚ್ಚಬ್ಯಾಡ. ಬಾಲ ಕಡಿದರೆ ಹೋಗ, ಮುಟ್ಟ, ಹಚ್ಚ. ತಡೆಯುವ ಮಾತೇ ತಳ್ಳುವ ಮಾತಾಗುತ್ತದೆ.

“ಹಂಗಾದ್ರ ಬ್ಯಾಡಾನ ಮೊದ್ಲ ಹೇಳ್ಸೋಣ ಮೇಡಂ. ‘ಬ್ಯಾಡ, ಎರಡು, ಬ್ಯಾಡ.’ ಬಾಲ ಹೋದ್ರೂ ತಲಿ ಉಳೀತೈತಿ” ಎಂದೆ. ಅವಳು ನನ್ನ ಮುಖ ನೋಡಿ, ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ನಾಲ್ಕೂ ಪೋಸ್ಟಿಗೆ ಅಂಟಿಸಿದಳು.

ತಪ್ಪು ನನ್ನ ಕಿವಿಯದ್ದಲ್ಲ. ಎಷ್ಟು ಹಗುರಾಯಿತೆಂದರೆ ದಾರಿಯಲ್ಲಿ ಇಳಿದು ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಬಂದೆ. ಹೇಳಿಕೊಳ್ಳುವ ಅಗತ್ಯ ಈಗೇನಿಲ್ಲ.

ನವೆಂಬರ್ 18, ಸೋಮವಾರ

ಶುಕ್ರವಾರ ಹಗುರಾದದ್ದು ಅತಿಯಾಸೆ. ಇವತ್ತು ಶಿಲ್ಪಶ್ರೀ ಶನಿವಾರದ ರೆಕಾರ್ಡ್ ಕೇಳುತ್ತಿದ್ದಳು. ಅದರಲ್ಲಿ ಮಾರೇಶ್ “ಅಕ್ಕಾ, ಕೇಳ್ಸಾಕತ್ತೇತೇನ್ರಿ?” ಎಂದು ಮೂರು ಸಲ ಕೂಗಿದ್ದಾನೆ. ಮಾತು ಶುದ್ಧವಾಗಿದೆ, ಬಾಲವೂ ಕಡಿದಿಲ್ಲ. ನನ್ನ ದನಿ ಎಲ್ಲೂ ಇಲ್ಲ. “ಹೊರಗ ಹೋಗಿದ್ರೇನು ಪಂಪಕ್ಕ?” ಎಂದಳು.

ಹೋಗಿರಲಿಲ್ಲ. ಅಲ್ಲೇ ಕೂತಿದ್ದೆ. “ನೀರು ತರಾಕ ಹೋಗಿದ್ದೆ” ಎಂದೆ.

ಮಾರೇಶನ ಹೆಬ್ಬೆರಳೂ ಸರಿ ಇಲ್ಲ, ನನ್ನ ಕಿವಿಯೂ ಸರಿ ಇಲ್ಲ. ಹೆಬ್ಬೆರಳಿಗೆ ಚೀಟಿ ಅಂಟಿಸಿದ್ದಾಯಿತು.

ನವೆಂಬರ್ 19, ಮಂಗಳವಾರ

ನಾಲ್ವರನ್ನೂ ಎರಡೆರಡು ಸಲ ಕೇಳಿದೆ. ಮೂರನೇ ಪೋಸ್ಟಿನವನು ನಕ್ಕ. ನಗಲಿ. ಮನೆಗೆ ಬಂದರೆ ಅತ್ತೆ, “ಏನ ಪಂಪಿ, ಒಂದ ಮಾತು ಮೂರು ಮೂರು ಸಲ ಹೇಳಸ್ತಿ, ನಾನೇನು ಸಾಲಿ ಮಾಸ್ತರ?” ಎಂದು ಬೈದರು. ಜೋಳ ಬೀಸಲು ಕೊಡು ಅಂದರೋ, ಬೀಸಿದ್ದು ತಾ ಅಂದರೋ ಗೊತ್ತಾಗಬೇಡವೆ?

ನವೆಂಬರ್ 22, ಶುಕ್ರವಾರ

ಬರೆಯಲಾಗುತ್ತಿಲ್ಲ. ಬದುಕಿದ್ದಾಳೆ. ಎಲ್ಲರೂ ಬದುಕಿದ್ದಾರೆ.

ನವೆಂಬರ್ 23, ಶನಿವಾರ

ಇವತ್ತು ರಜೆ ಹಾಕಿದ್ದೇನೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿನ್ನೆ ಒಂದು, ಮೂರು, ನಾಲ್ಕು ಬಂದವು. ತಿರುಗಿ ಹೇಳಿಸಿದೆ, ಸರಿ ಇತ್ತು. ಎರಡು ಬರಲಿಲ್ಲ. “ಎರಡು, ಎರಡು, ಮಾರೇಶ್, ಹೇಳಪಾ” ಎಂದು ಕರೆದೆ. ಬರೀ ಗೊರಗೊರ. ಅವನಿಗೆ ಕೇಳಿಸಿಲ್ಲವೋ, ಅವನು ಹೇಳಿದ್ದು ನನಗೆ ಕೇಳಿಸಿಲ್ಲವೋ? ಹೆಡ್‌ಫೋನನ್ನು ಎಡಗಿವಿಗೆ ಹಿಂಡಿ ಹಿಡಿದೆ. ಕಿವಿಯಲ್ಲಿ ನನ್ನ ರಕ್ತ ಓಡುವುದೇ ಕೇಳುತ್ತಿತ್ತು.

ಮಲ್ಲೇಶ್ ಸರ್ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಅವರ ಸೆಟ್ಟು. “ಯಾಕ್ರಿ ತಡ?”

“ಎರಡು ಬಂದಿಲ್ಲ ಸರ್.”

“ಬಂತಲ್ರೀ! ಈಗ ನನ್ನ ಸೆಟ್ಟಿನಾಗ ಬಂತು. ‘ಹಚ್ಚ್’ ಅಂದ. ನಿಮಗ ಕೇಳ್ಸಲಿಲ್ಲೇನು?”

ಈ ಒಂದು ಪ್ರಶ್ನೆಗೆ ನಾನು ಎಷ್ಟು ವರ್ಷದಿಂದ ಹೆದರುತ್ತಿದ್ದೆ! ಹ್ಞೂಂ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಸರ್ ಕಿವಿ ಗಟ್ಟಿ, ಅವರು ಕೇಳಿದ್ದಾರೆ, ನಾನೇ ಕಿವುಡಿ, ಒಪ್ಪಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ.

“ನನಗ ಕೇಳ್ಸಿಲ್ಲ ಸರ್” ಎಂದೆ. ಎಷ್ಟು ಸಣ್ಣ ಮಾತು.

“ನನಗ ಕೇಳ್ಸೇತಿ, ಸಾಕು. ಟಿಪ್ಪರ್ ನಿಂತಾವ” ಎಂದು ಹನುಮಣ್ಣನಿಗೆ ತಾವೇ ಹೇಳಲು ಸೆಟ್ಟು ಬಾಯಿಗೆ ಹಿಡಿದರು.

ಅವರ ಬೆರಳಿಗಿಂತ ಮೊದಲು ನನ್ನ ಬೆರಳು ಒತ್ತಿತ್ತು. ಯೋಚಿಸಿ ಮಾಡಿದ್ದಲ್ಲ, ಭಯಕ್ಕೆ ಒತ್ತಿದ್ದು. “ಬ್ಯಾಡ. ಹನುಮಣ್ಣ, ಬ್ಯಾಡ. ಎರಡು ಬಂದಿಲ್ಲ. ಬ್ಯಾಡ.” ಬಿಡಲೇ ಇಲ್ಲ. ಸರ್ ಸೆಟ್ಟು ‘ಟೀಂ’ ಎಂದು ಅವರ ಮಾತನ್ನು ವಾಪಸು ಕಳಿಸಿತು. ದಾರಿ ನನ್ನ ಕೈಯಲ್ಲಿತ್ತು. ಸಿಡಿಸುವ ಜಾಗಕ್ಕೆ ಮೊಬೈಲ್ ಒಯ್ಯುವಂತಿಲ್ಲ, ಜೀಪಿನಲ್ಲಿ ಹೋದರೆ ಹತ್ತು ನಿಮಿಷ.

“ಬಟನ್ ಬಿಡ್ರಿ! ಏನ್ ಮಾಡಾಕತ್ತೀರಿ ನೀವು?” ಸರ್ ಕೂಗಿದರು. ಅದು ಮಾತ್ರ ಚೆನ್ನಾಗಿ ಕೇಳಿಸಿತು. ಮೇಲಿನವರು ಎದುರಿಗೆ ನಿಂತು ಕೂಗುವಾಗ ಬೆನ್ನು ತಿರುಗಿಸಿ ಕೂತದ್ದು ಜೀವಮಾನದಲ್ಲಿ ಇದೇ ಮೊದಲು.

ಆಗ ತಲೆಗೆ ಹೊಳೆಯಿತು, ಒತ್ತಿ ಹಿಡಿದಿರುವ ತನಕ ನನಗೂ ಏನೂ ಕೇಳುವುದಿಲ್ಲ. ಮಾರೇಶ್ ಅಲ್ಲಿ ಗಂಟಲು ಹರಿದುಕೊಂಡು ಕೂಗುತ್ತಿದ್ದರೂ ನಾನೇ ಅವನ ಬಾಯಿ ಮುಚ್ಚಿದ್ದೇನೆ. ಬಿಟ್ಟರೆ ಸರ್ ಮಾತು ಹೋಗುತ್ತದೆ, ಹಿಡಿದರೆ ಮಾರೇಶನ ಮಾತು ಬರುವುದಿಲ್ಲ. ಅಂಥ ಭಯ ಹೆರಿಗೆಯಲ್ಲೂ ಆಗಿರಲಿಲ್ಲ.

ಅರವತ್ತು ಸೆಕೆಂಡಿಗೆ ಸೆಟ್ಟು ತಾನಾಗಿ ಕಡಿಯಿತು. ಆ ಒಂದು ಕ್ಷಣ ಉಸಿರು ಕಟ್ಟಿ ಕೇಳಿದೆ. ಗೊರಗೊರ. ಮತ್ತೆ ಒತ್ತಿದೆ. “ಬ್ಯಾಡ, ಬ್ಯಾಡ.” ಇನ್ನೊಂದು ನಿಮಿಷ. ಕಡಿಯಿತು. ಏನೂ ಇಲ್ಲ. ಮತ್ತೆ ಒತ್ತಿದೆ. ಸರ್ ಟೇಬಲ್ ಸುತ್ತಿ ನನ್ನ ಕೈ ಹಿಡಿಯಲು ಬಂದವರು, ಹೆಂಗಸಿನ ಕೈ ಎಂದೋ ಏನೋ, ಹಿಂದೆ ಸರಿದರು. ಮೂರನೆಯ ಸಲ ಕಡಿದಾಗ ಸೆಟ್ಟು ಕರ್ರೆಂದಿತು. ಏದುಸಿರಿನ ನಡುವೆ ಒಂದೇ ಒಂದು ಮಾತು.

“ಬ್ಯಾಡ—”

ಬಾಲ ಕಡಿದಿತ್ತು. ತಲೆ ಬಂದಿತ್ತು.

ಸರ್ ಅದನ್ನು ಕೇಳಿದರು. ಸೆಟ್ಟು ಹಿಡಿದ ಕೈ ತಾನಾಗಿ ಕೆಳಗಿಳಿಯಿತು. ಆಮೇಲೆ ಹನುಮಣ್ಣನ ದನಿ ಬಂತು. “ಬ್ಯಾಡ ಅಂತ ಕೇಳ್ಸೇತಿ. ಹಚ್ಚಂಗಿಲ್ಲ. ಪೆಟ್ಟಿಗೆ ವೈರ್ ಬಿಚ್ಚಿಟ್ಟೀನಿ.” ಮೂವತ್ತು ವರ್ಷದ ಹನುಮಣ್ಣ ತಿರುಗಿ ಹೇಳಿದ.

ಅರ್ಧ ಗಂಟೆಯ ಮೇಲೆ ಮಾರೇಶ್ ಒಬ್ಬ ಮುದುಕಿಯನ್ನು ಕೈ ಹಿಡಿದು ಕರೆತಂದ. ಹಟ್ಟಿಯ ತಾಯಕ್ಕ, ತಪ್ಪಿಸಿಕೊಂಡ ಆಡನ್ನು ಹುಡುಕುತ್ತ ಬಾವುಟ ದಾಟಿ ಹಳ್ಳಕ್ಕೆ ಇಳಿದಿದ್ದಳಂತೆ. ಅವನು ಹಿಂದೆ ಓಡಿದ್ದಾನೆ, ಹಳ್ಳದೊಳಗೆ ಸಿಗ್ನಲ್ ಸತ್ತುಹೋಗಿದೆ, ದಂಡೆ ಹತ್ತಿದ ಮೇಲೆಯೇ ಆ ‘ಬ್ಯಾಡ’ ನನಗೆ ಮುಟ್ಟಿದೆ.

“ದಿನಾ ಹೇಳ್ತೀನಿ ಅಕ್ಕ, ಸೈರನ್ ಆದ ಮ್ಯಾಲೆ ಈ ಕಡಿ ಬರಬ್ಯಾಡ ಯವ್ವಾ ಅಂತ. ದಿನಾ ಹ್ಞೂಂ ಅಂತಾಳ” ಎಂದ ಮಾರೇಶ್. ಅವನ ಕಣ್ಣಲ್ಲಿ ನೀರಿತ್ತು.

ಮುದುಕಿಯನ್ನು ಕೂರಿಸಿ ನೀರು ಕೊಟ್ಟೆ. “ಸೈರನ್ ಊದಿದ್ದು ಕೇಳ್ಸಲಿಲ್ಲೇನು ಯವ್ವಾ?” ಎಂದು ಕೇಳಿದೆ.

“ಹ್ಞೂಂ” ಎಂದಳು, ನಗುತ್ತ.

“ಮನ್ಯಾಗ ಯಾರದಾರ?”

“ಹ್ಞೂಂ.”

“ನಿನ್ನ ಹೆಸರೇನವ್ವಾ?”

“ಹ್ಞೂಂ ಯವ್ವಾ, ಹ್ಞೂಂ.” ನನ್ನ ತುಟಿಯನ್ನೇ ನೋಡುತ್ತಿದ್ದಳು.

ನಾನು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ.

ನವೆಂಬರ್ 25, ಸೋಮವಾರ

ಕ್ಯಾಂಟೀನಿನಲ್ಲಿ ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. “ಪಂಪಕ್ಕನ ಕಿವಿ ಅಂದ್ರ ಕಿವಿ” ಎಂದ ಮೂರನೇ ಪೋಸ್ಟಿನವನು. ನಾನು ತಟ್ಟೆ ತೊಳೆಯಲು ಎದ್ದುಬಿಟ್ಟೆ.

ಶಿಲ್ಪಶ್ರೀ ರೆಕಾರ್ಡ್ ಹಾಕಿದಳು. ಮಲ್ಲೇಶ್ ಸರ್ ಸುಳ್ಳು ಹೇಳಿರಲಿಲ್ಲ. ಮುದುಕಿಯನ್ನು ಕಂಡ ಗಾಬರಿಯಲ್ಲಿ ಮಾರೇಶ್ ಹೊಸ ಪಾಠ ಮರೆತು ಹಳೆಯ ಹಾಗೇ “ಹಚ್ಚಬ್ಯಾಡ್ರಿ” ಎಂದು ಕೂಗಿ ಓಡಿದ್ದಾನೆ. ‘ಹಚ್ಚ್’ ಬಂದಿದೆ, ಬಾಲ ಬಂದಿಲ್ಲ. ಒಳ್ಳೆಯ ಕಿವಿ ಇದ್ದವರು ಅದನ್ನು ಕೇಳಿದರು. ನನಗೆ ಅದೂ ಕೇಳಲಿಲ್ಲ.

ತಾಯಕ್ಕ ಉಳಿದದ್ದು ನನ್ನ ಜಾಣತನದಿಂದಲ್ಲ, ಕಿವುಡಿನಿಂದ. ಕೇಳಿಸಿದ್ದರೆ ತಿರುಗಿ ಹೇಳಿಸುತ್ತಿದ್ದೆನೋ, ಸರ್ ಎದುರಿಗೆ ನಿಂತಿದ್ದಾರೆಂದು ಟಿಕ್ ಹಾಕಿಬಿಡುತ್ತಿದ್ದೆನೋ, ಯಾರಿಗೆ ಗೊತ್ತು. ಈ ಸಲ ಕೇಳದೆ ಹೋದದ್ದು ‘ಹಚ್ಚ್’. ಮುಂದಿನ ಸಲ ಕೇಳದೆ ಹೋಗುವುದು ‘ಬ್ಯಾಡ’ ಆಗಿದ್ದರೆ?

ನವೆಂಬರ್ 27, ಬುಧವಾರ

ಮಲ್ಲೇಶ್ ಸರ್ ಕರೆದು, “ಅವತ್ತು ನಿಮಗ ಹೆಂಗ ಗೊತ್ತಾತ್ರಿ?” ಎಂದು ಕೇಳಿದರು. ಅವರೂ ಸರಿಯಾಗಿ ನಿದ್ದೆ ಮಾಡಿಲ್ಲ, ಕಣ್ಣು ಕೆಂಪಾಗಿದ್ದವು.

“ಏನಂದ್ರಿ ಸರ್, ಇನ್ನೊಮ್ಮೆ ಹೇಳ್ರಿ, ಈ ಕಡಿ ತಿರುಗಿ ಹೇಳ್ರಿ” ಎಂದೆ. ಹೇಳಿದರು.

“ಗೊತ್ತಾಗಿರಲಿಲ್ಲ ಸರ್. ನನಗ ಕಿವಿ ಸರಿ ಇಲ್ಲ. ಹೋದ ತಿಂಗಳು ಮೆಡಿಕಲ್‌ನಾಗ ನಾ ನೋಡಿ ಒತ್ತಿದ್ದು, ಕೇಳಿ ಒತ್ತಿದ್ದಲ್ಲ. ಮತ್ತೊಮ್ಮೆ ಟೆಸ್ಟ್ ಮಾಡಸ್ರಿ.”

ಸರ್ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿದರು. ಆಮೇಲೆ, “ಬ್ಯಾರೆ ಯಾರರ ಸಿಗೂತನಕ ಶಿಲ್ಪಶ್ರೀ ನಿಮ್ಮ ಜೋಡಿ ಕುಂದ್ರತಾರ. ಸೋಮವಾರ ಟೆಸ್ಟಿಗೆ ಹೋಗ್ರಿ. ಆಮ್ಯಾಲಿಂದು ನಾ ಈಗ ಏನೂ ಹೇಳಾಕ ಆಗಂಗಿಲ್ಲ” ಎಂದರು. ತಪ್ಪು ಕೇಳಿಸಬಾರದೆಂದು ಅದನ್ನೇ ತಿರುಗಿ ಹೇಳಿ ಬಂದೆ.

ಸಂಜೆ ಗಂಡನಿಗೂ ಹೇಳಿದೆ. “ಹಂಗಾದ್ರ ಇಷ್ಟು ದಿನ ನಾ ಹೇಳಿದ್ದಕ್ಕೆಲ್ಲ ಹ್ಞೂಂ ಅಂದಿದ್ದು?” ಎಂದರು. ಅರ್ಧಕ್ಕರ್ಧ ಕೇಳಿಸೇ ಇಲ್ಲ ಎಂದೆ. ನಗಬೇಕೋ ಬೇಡವೋ ತಿಳಿಯದೆ ಎದ್ದು ಹೋಗಿ ಅಂಗಳದಲ್ಲಿ ಕೂತರು. ಆಮೇಲೆ ಬಂದು ನನ್ನ ಎಡಗಡೆ ಕೂತುಕೊಂಡರು.

ಡಿಸೆಂಬರ್ 2, ಸೋಮವಾರ

ಅದೇ ಗಾಜಿನ ಗೂಡು, ಅದೇ ಹೆಡ್‌ಫೋನು, ಅದೇ ಹುಡುಗಿ. ಕೈಗೆ ಬಟನ್ ಕೊಟ್ಟಳು. ಬೆವರಿಗೆ ಅದು ಜಾರುತ್ತಿತ್ತು. ಹನ್ನೆರಡು ವರ್ಷ ಕಿವಿಯಿಂದಲೇ ಉಂಡವಳು ನಾನು. ನಾಳೆ ಎಲ್ಲಿ ಕೂರಿಸುತ್ತಾರೋ, ಕೂರಿಸುತ್ತಾರೋ ಇಲ್ಲವೋ.

ಗಾಜಿನ ಆಚೆ ಅವಳ ಮೊಣಕೈ ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

ಎಡಗಡೆ ಸದ್ದು ಬಂತು, ಒತ್ತಿದೆ. ಇನ್ನೊಂದು, ಒತ್ತಿದೆ. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಈಗ ಬಂದಿರಬೇಕು, ಈಗ ಬಂದಿರಬೇಕು ಎಂದು ಹೆಬ್ಬೆರಳು ತುಡಿಯುತ್ತಿತ್ತು. ಒತ್ತಲಿಲ್ಲ. ಕೊನೆಗೆ ಅವಳು ಬಾಗಿಲು ತೆಗೆದು ಒಳಗೆ ಬಂದು ಭುಜ ಮುಟ್ಟಿದಳು.

“ಮೇಡಂ, ಬಲಗಿವ್ಯಾಗ ಹತ್ತು ಸಲ ಬಿಟ್ಟೀನಿ. ಒಂದಕ್ಕೂ ಒತ್ತಿಲ್ಲಲ್ರಿ ನೀವು?”

“ಬಲಗಿವ್ಯಾಗ ಹತ್ತು ಸಲ ಬಿಟ್ಟೀರಿ, ಒಂದಕ್ಕೂ ಒತ್ತಿಲ್ಲ ನಾನು” ಎಂದೆ. “ಕೇಳ್ಸಿಲ್ಲ, ಅದಕ್ಕ ಒತ್ತಿಲ್ಲ. ಹಂಗ ಬರ್ಕಳ್ರಿ.”